ಗುಡ್ಡದ ದಾರಿಗೆ ಗೇಟು ಬಿದ್ದಿದೆ, ಊರವರು ಏನು ಮಾಡಬೇಕು?

ಪ್ರಶ್ನೆ: ನಮ್ಮೂರು ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿ ಕಡೆಯ ಗುಡ್ಡಸಾಲಿನ ಬುಡದಲ್ಲಿದೆ. ಎರಡು ವರ್ಷದ ಹಿಂದೆ ಹೊರಗಿನವರೊಬ್ಬರು ಗುಡ್ಡದ ಕೆಳಗಿನ ನಾಲ್ಕು ಎಕರೆ ಪಟ್ಟಾ ಜಮೀನು ಲೀಸಿಗೆ ಹಿಡಿದು 25 ಟೆಂಟು ಹಾಕಿದರು. ಆಗ ಯಾರದೂ ತಕರಾರಿರಲಿಲ್ಲ. ಊರಿನ ಒಂಬತ್ತು ಹುಡುಗರಿಗೆ ಅಲ್ಲಿ ಕೆಲಸ ಸಿಕ್ಕಿದೆ, ನನ್ನ ತಂಗಿಯ ಮಗನೂ ಅಲ್ಲೇ ಇದ್ದಾನೆ. ಈ ದೀಪಾವಳಿ ಆದಮೇಲೆ ಗುಡ್ಡಕ್ಕೆ ಹೋಗುವ ಬಂಡಿದಾರಿಗೆ ಕಬ್ಬಿಣದ ಗೇಟು ಹಾಕಿ, ಗೋಮಾಳದ ಅಂಚಿಗೂ ತಂತಿಬೇಲಿ ಎಳೆದಿದ್ದಾರೆ. ಗುಡ್ಡ ಹತ್ತುವವರಿಗೆ ತಲೆಗೆ 50 ರೂಪಾಯಿ, ಕಾರಿಗೆ 100. ಊರವರಿಗೆ ರೊಕ್ಕ ಕೇಳುವುದಿಲ್ಲ, ಆದರೆ ಸಂಜೆ ಆರಕ್ಕೆ ಬೀಗ. ಕುರಿಗಳನ್ನು ಗುಡ್ಡದ ಹಿಂದಿನ ಕೆರೆಗೆ ನೀರಿಗೆ ಹೊಡೆಯಲು ಈಗ ಎರಡೂವರೆ ಕಿಲೋಮೀಟರ್ ಸುತ್ತು. ಮೇಲೆ ಮಾರೆಮ್ಮನ ಗುಡಿ ಇದೆ, ವರ್ಷಕ್ಕೊಮ್ಮೆ ಜಾತ್ರೆ. ಕೇಳಿದರೆ "ಗುಡ್ಡ ನಮಗೆ 30 ವರ್ಷಕ್ಕೆ ಸರ್ಕಾರದಿಂದ ಆಗಿದೆ, ಪಂಚಾಯಿತಿ ಠರಾವೂ ಇದೆ, ದಾರಿ ಇದ್ದರೆ ಪಹಣಿಯಲ್ಲಿ ತೋರಿಸಿ" ಅಂತಾರೆ. ಪಹಣಿಯಲ್ಲಿ ದಾರಿ ಕಾಣುವುದಿಲ್ಲ. ಬೇಲಿ ಕಿತ್ತೊಗೆಯೋಣ ಅಂತ ಹುಡುಗರು ಕುದೀತಿದ್ದಾರೆ. ಏನು ಮಾಡುವುದು ಸರ್?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ. ಪಟ್ಟಾ ಜಮೀನಿನಲ್ಲಿ ಟೆಂಟು ಹಾಕಿರುವುದು ಒಂದು. ಬಂಡಿದಾರಿಗೆ ಗೇಟು ಹಾಕಿರುವುದು ಇನ್ನೊಂದು. ಗೋಮಾಳಕ್ಕೆ ಬೇಲಿ ಎಳೆದು ಗುಡ್ಡ ಹತ್ತಲು ರೊಕ್ಕ ಎತ್ತುತ್ತಿರುವುದು ಮತ್ತೊಂದು. ಮೂರಕ್ಕೂ ಕಾನೂನು ಬೇರೆ, ಅರ್ಜಿಯೂ ಬೇರೆ. ಎಲ್ಲವನ್ನೂ ಒಂದೇ ಹಾಳೆಗೆ ತುರುಕಿ "ಕ್ಯಾಂಪ್ ಮುಚ್ಚಿಸಿ" ಎಂದು ಬರೆದ ಅರ್ಜಿಗಳೇ ವರ್ಷಗಟ್ಟಲೆ ಕಡತದಲ್ಲಿ ಕೊಳೆಯುವುದು. ಆ ಪದವನ್ನೂ ಬಳಸಬೇಡಿ. ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಕ್ಯಾಂಪ್ ಎಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರು. ಅರ್ಜಿಯಲ್ಲಿ "ಪ್ರವಾಸಿಗರ ಟೆಂಟ್ ತಾಣ" ಎಂದು ಬರೆದು ಪಕ್ಕದಲ್ಲೇ ಸರ್ವೆ ನಂಬರ್ ಹಾಕಿ.

ಎಲ್ಲಕ್ಕಿಂತ ಮೊದಲು ಒಂದು ಅವಸರದ ಮಾತು. ಗೇಟು ಬಿದ್ದ ತಾರೀಖು ಯಾವುದು, ಅದರ ಹಿಂದಿನ ದಿನದವರೆಗೆ ಯಾರ್‍ಯಾರ ಕುರಿ ಆ ದಾರಿಯಲ್ಲಿ ಹೋಗುತ್ತಿದ್ದವು ಎಂಬುದನ್ನು ಇವತ್ತೇ ಬರೆದಿಡಿ. ದಾರಿ ಅಥವಾ ನೀರು ಬಳಸುವ ಹಕ್ಕಿನ ಜಗಳವನ್ನು ತೀರ್ಮಾನಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 166ರ ಪ್ರಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಿಮ್ಮಲ್ಲಿ ತಹಶೀಲ್ದಾರರಿಗೆ, ಇದೆ. 2024ರ ಜುಲೈಗೆ ಮುಂಚೆ ಇದೇ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 147 ಆಗಿತ್ತು. ಅದರಲ್ಲೊಂದು ಷರತ್ತಿದೆ. ವರ್ಷವಿಡೀ ಬಳಸುವ ದಾರಿಯಾದರೆ, ದಂಡಾಧಿಕಾರಿಗೆ ವಿಷಯ ಮುಟ್ಟುವುದಕ್ಕೆ ಹಿಂದಿನ ಮೂರು ತಿಂಗಳೊಳಗೆ ಆ ಹಕ್ಕು ಚಲಾವಣೆಯಲ್ಲಿದ್ದಿರಬೇಕು. ಜಾತ್ರೆಯಂತೆ ಹಂಗಾಮಿಗೊಮ್ಮೆ ಬಳಸುವುದಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು. ಗೇಟು ಬಿದ್ದು ನೂರು ದಿನ ದಾಟಿದರೆ ಕುರಿಗಾರರಿಗೆ ಈ ಬಾಗಿಲು ಮುಚ್ಚಿದಂತೆ. ಹಿರಿಯರ ಪಂಚಾಯಿತಿ ಕೂಡಿಸಿ ಮಾತಾಡೋಣ ಎಂದು ಎರಡು ಅಮಾವಾಸ್ಯೆ ಕಳೆದ ಊರುಗಳು ಇಲ್ಲೇ ಸೋಲುತ್ತವೆ. ಮಾತುಕತೆ ನಡೆಯಲಿ, ಅರ್ಜಿ ಮಾತ್ರ ಮೊದಲೇ ಬಿದ್ದಿರಲಿ.

ಅವರು ಹೇಳುತ್ತಿರುವುದರಲ್ಲಿ ಎಷ್ಟು ನಿಜ

"ಪಹಣಿಯಲ್ಲಿ ದಾರಿ ಇಲ್ಲ" ಎಂಬುದು ಸರಿ. ಆದರೆ ಪಹಣಿಯಲ್ಲಿ ದಾರಿ ಇರುವುದೇ ಇಲ್ಲ. ಪಹಣಿ ಹೇಳುವುದು ಯಾರ ಹೆಸರು, ಎಷ್ಟು ವಿಸ್ತೀರ್ಣ, ಯಾವ ಬೆಳೆ ಎಂಬುದನ್ನು. ದಾರಿ ನೋಡಬೇಕಾದ್ದು ಗ್ರಾಮ ನಕಾಶೆಯಲ್ಲಿ ಮತ್ತು ಆ ಸರ್ವೆ ನಂಬರಿನ ಟಿಪ್ಪಣಿಯಲ್ಲಿ, ಅಂದರೆ ಮೂಲ ಅಳತೆಯ ನಕ್ಷೆಯಲ್ಲಿ. ಬಂಡಿದಾರಿಯನ್ನು ನಕಾಶೆಯಲ್ಲಿ ಜೋಡಿ ಗೆರೆಯಿಂದ, ಕಾಲುದಾರಿಯನ್ನು ಒಂಟಿ ತುಂಡುಗೆರೆಯಿಂದ ಗುರುತಿಸಿರುತ್ತಾರೆ. ಯಾವ ಗುರುತಿಗೆ ಏನರ್ಥ ಎಂಬುದು ನಕಾಶೆಯ ಅಂಚಿನಲ್ಲೇ ಅಚ್ಚಾಗಿರುತ್ತದೆ.

ಹಾಗಂತ ಪಹಣಿಯನ್ನು ಬದಿಗೆ ಸರಿಸಬೇಡಿ. ಅದರ 3ನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ "ಫುಟ್ ಖರಾಬು (ಅ)" ಮತ್ತು "ಫುಟ್ ಖರಾಬು (ಬ)" ಎಂದು ಎರಡು ಸಾಲು ಇರುತ್ತವೆ. ಅ ಖರಾಬು ಎಂದರೆ ಬಂಡೆ, ಹಳೇ ಕಣ ಮುಂತಾಗಿ ಉಳುಮೆಗೆ ಬಾರದ ಜಾಗ. ಅದು ಹೊಲದವನದೇ. ಬ ಖರಾಬು ಹಾಗಲ್ಲ. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅದು. ಆ ಹೊಲದ ನಡುವೆಯೇ ಇದ್ದರೂ ಮಾಲೀಕನಿಗೆ ಸೇರುವುದಿಲ್ಲ. ಆತನದಲ್ಲದ್ದನ್ನು ಆತ ಲೀಸಿಗೆ ಕೊಡಲೂ ಬಾರದು.

ಇಲ್ಲಿ ಒಂದು ಲೆಕ್ಕ ಕೈಯಾರೆ ಹಾಕಿ ನೋಡಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಟೆಂಟು ಹಾಕಿದ ಸರ್ವೆ ನಂಬರಿನ ಪಹಣಿಯಲ್ಲಿ ಬ ಖರಾಬು 8 ಗುಂಟೆ ಇದೆ ಎನ್ನಿ. ಅದು 8,712 ಚದರ ಅಡಿ. ಟಿಪ್ಪಣಿಯಲ್ಲಿ ದಾರಿಯ ಉದ್ದ 22 ಸರಪಳಿ ಎಂದಿದ್ದರೆ, ಸರಪಳಿಗೆ 33 ಅಡಿಯಂತೆ 726 ಅಡಿ. ಭಾಗಿಸಿದರೆ ಸರಿಯಾಗಿ 12 ಅಡಿ ಅಗಲ. ಎತ್ತಿನ ಬಂಡಿ ಆರಾಮಾಗಿ ಹೋಗುವ ದಾರಿ. ನಕಾಶೆಯ ಗೆರೆ, ಟಿಪ್ಪಣಿಯ ಉದ್ದ, ಪಹಣಿಯ ಬ ಖರಾಬು ಮೂರೂ ಹೀಗೆ ತಾಳೆಯಾದರೆ ನಿಮ್ಮ ಅರ್ಜಿಗೆ ಅದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ತಾಳೆಯಾಗದಿದ್ದರೆ ಆ 8 ಗುಂಟೆ ಹಳ್ಳದ್ದಿರಬಹುದು. ಅದಕ್ಕೇ ಪಹಣಿಯೊಂದನ್ನೇ ಹಿಡಿದು ವಾದಕ್ಕಿಳಿಯಬಾರದು.

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ದಿಶಾಂಕ್ ಆ್ಯಪ್ ಹಾಕಿಕೊಂಡು ಗೇಟಿನ ಪಕ್ಕ ನಿಂತರೆ ಸಾಕು. ಆದರೆ ಫೋನಿನ ಜಾಗ ಕೆಲವು ಮೀಟರ್ ಅತ್ತಿತ್ತ ಆಗುವುದರಿಂದ ಅದು ಹುಡುಕಲಿಕ್ಕೆ ಮಾತ್ರ, ಸಾಕ್ಷಿಗೆ ಆಗದು. ಸಾಕ್ಷಿಗೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ ದೃಢೀಕೃತ ನಕಾಶೆ, ಟಿಪ್ಪಣಿ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಪ್ರತಿ ತೆಗೆಸಿ. ನಿಮ್ಮ ಭಾಗ ನಿಜಾಮರ ಆಡಳಿತದಲ್ಲಿದ್ದದ್ದು. ಆ ಕಾಲದ ಭೂದಾಖಲೆಗಳಾದ ಸೇತ್ವಾರ್, ಖಾಸ್ರಾ ಪಹಣಿ ಉರ್ದುವಿನಲ್ಲಿರಬಹುದು, ಗೋಮಾಳವನ್ನು ಗಾಯರಾಣ ಎಂದು ಬರೆದಿರಬಹುದು. ಕಚೇರಿಯವರು "ಓದಲು ಬರುವುದಿಲ್ಲ" ಎಂದರೆ ಹಿಂದೆ ಸರಿಯಬೇಡಿ. ಪ್ರತಿ ತೆಗೆದುಕೊಂಡು, ಉರ್ದು ಬಲ್ಲ ನಿವೃತ್ತ ಮೇಷ್ಟ್ರೊಬ್ಬರಿಂದ ಓದಿಸಿ.

"ಪಂಚಾಯಿತಿ ಠರಾವು ಇದೆ" ಎಂಬುದೂ ನಿಜವಿರಬಹುದು. ಆದರೆ ಗೋಮಾಳ ಕಂದಾಯ ಇಲಾಖೆಯ ಹಿಡಿತದ ಸರ್ಕಾರಿ ಜಮೀನು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 71ರಂತೆ ಹಾಗೆ ಮೀಸಲಿಟ್ಟ ಜಮೀನನ್ನು ಜಿಲ್ಲಾಧಿಕಾರಿಗಳ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಊರಿನ ಪ್ರತಿ ನೂರು ದನಗಳಿಗೆ 30 ಎಕರೆ ಗೋಮಾಳ ಉಳಿಸಬೇಕೆಂಬ ಲೆಕ್ಕವೂ ನಿಯಮದಲ್ಲಿದೆ. ಪಂಚಾಯಿತಿ ಠರಾವು ಹೆಚ್ಚೆಂದರೆ ಒಂದು ಶಿಫಾರಸು. ಸಾರ್ವಜನಿಕ ದಾರಿಯಂತೂ ಕಲಂ 67ರ ಪ್ರಕಾರ ಸರ್ಕಾರದ ಸ್ವತ್ತು. ಅದರ ಮೇಲಿನ ಜನರ ಹಕ್ಕನ್ನು ಅಳಿಸಬೇಕಾದರೆ ಕಲಂ 68ರಲ್ಲಿ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಕೇಳಿ, ಆದೇಶ ಮಾಡಬೇಕು. ನಿಮ್ಮೂರಿನಲ್ಲಿ ಅಂಥ ಪ್ರಕಟಣೆಯನ್ನು ಯಾರೂ ಕಂಡಿಲ್ಲದಿದ್ದರೆ ದಾರಿ ಇನ್ನೂ ಜೀವಂತ ಇದೆ ಎಂದೇ ಹಿಡಿದು ಹೊರಡಿ.

ಇನ್ನು 30 ವರ್ಷದ ಮಾತು. ಗುಡ್ಡ ಯಾರದು ಎಂಬುದರ ಮೇಲೆ ಇದು ನಿಂತಿದೆ. ಗುಡ್ಡದ ಸರ್ವೆ ನಂಬರಿನ ಪಹಣಿಯಲ್ಲಿ 9 ಮತ್ತು 11ನೇ ಕಾಲಂ ನೋಡಿ. "ಅರಣ್ಯ" ಎಂದಿದ್ದರೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿಯವರಿಗೆ ಲೀಸು ಕೊಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ರಾಜ್ಯದ ಅಧಿಕಾರಿಯೊಬ್ಬರು ಸಹಿ ಹಾಕಿದ ಕಾಗದದಿಂದ ಅದು ಆಗುವ ಕೆಲಸವಲ್ಲ. ಕಂದಾಯ ಜಮೀನಾಗಿದ್ದರೆ ಲೀಸು ಸಾಧ್ಯ, ಆದರೆ ಸರ್ವೆ ನಂಬರ್, ವಿಸ್ತೀರ್ಣ, ಅವಧಿ, ಬಾಡಿಗೆ, ಷರತ್ತು ಎಲ್ಲ ಇರುವ ಆದೇಶ ಇರಲೇಬೇಕು. ಗೇಟಿನಲ್ಲಿ ಕೊಡುವ ರಸೀದಿಯೊಂದನ್ನು ತರಿಸಿ ನೋಡಿ. ಸರ್ಕಾರದ ಪರವಾಗಿ ಎತ್ತುವ ಶುಲ್ಕವಾದರೆ ಅದರ ಮೇಲೆ ಇಲಾಖೆಯ ಹೆಸರು, ಆದೇಶ ಸಂಖ್ಯೆ ಇರಬೇಕು. ಬರೀ ತಾಣದ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇದ್ದರೆ ಅದು ವ್ಯಾಪಾರದ ಬಿಲ್ಲು. ಜಿಎಸ್‌ಟಿ ನೋಂದಣಿ ತೆರಿಗೆ ಕಟ್ಟುವುದಕ್ಕೆ, ಜಮೀನಿನ ಪರವಾನಗಿ ಅಲ್ಲ.

ಊರ ಕಡೆಯಿಂದಲೂ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಹಂಪಿಯೆದುರಿನ ನಡುಗಡ್ಡೆ ವಿರೂಪಾಪುರ ಗಡ್ಡಿಯ ರೆಸಾರ್ಟುಗಳನ್ನು ಕೆಡವಿದರಲ್ಲ, ಇದನ್ನೂ ಕೆಡವುತ್ತಾರೆ ಎಂಬುದು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ಕೊಟ್ಟದ್ದು ಗಡ್ಡಿಯು 1988ರ ಅಧಿಸೂಚನೆಯ ಸಂರಕ್ಷಿತ ಪ್ರದೇಶದಲ್ಲಿತ್ತು, ಕಟ್ಟಡಗಳಿಗೆ ಅನುಮತಿ ಇರಲಿಲ್ಲ ಎಂಬ ಕಾರಣಕ್ಕೆ. ನಿಮ್ಮೂರು ಆ ಅಧಿಸೂಚನೆಯಲ್ಲಿ ಅಥವಾ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆಯೇ ಎಂದು ಮೊದಲು ತಿಳಿಯಿರಿ. ಇದ್ದರೆ ಪಟ್ಟಾ ಜಮೀನಿನ ಟೆಂಟಿಗೂ ಪ್ರಾಧಿಕಾರದ ಅನುಮತಿಯ ಪ್ರಶ್ನೆ ಏಳುತ್ತದೆ. ಇರದಿದ್ದರೂ ಕೃಷಿ ಜಮೀನಿನಲ್ಲಿ ಟೆಂಟು ವ್ಯಾಪಾರ ನಡೆಸಲು ಭೂಕಂದಾಯ ಕಾಯ್ದೆಯ ಕಲಂ 95ರ ಭೂಪರಿವರ್ತನೆ ಆಗಿದೆಯೇ ಎಂದು ಕೇಳಬಹುದು. ಈ ಎರಡೂ ಸರಿ ಇದ್ದರೆ ಟೆಂಟು ಉಳಿಯುತ್ತದೆ, ನಿಮ್ಮ ಹುಡುಗರ ಕೆಲಸವೂ ಉಳಿಯುತ್ತದೆ. ದಾರಿ ಬಿಡಿಸಿಕೊಳ್ಳಲು ಟೆಂಟು ಕೀಳಿಸಲೇಬೇಕಾದ ಅಗತ್ಯವಿಲ್ಲ.

ನಿರ್ವಹಣೆ ಕೊಟ್ಟರೆ ನೆಲವೂ ಕೊಟ್ಟಂತೆಯೇ?

ಸರ್ಕಾರಿ ನೆಲದ ತಂಗುದಾಣವನ್ನು ಖಾಸಗಿಯವರು ನಡೆಸುವುದೇ ತಪ್ಪು ಎನ್ನಲಾರೆ. ಶೌಚಾಲಯ ತೊಳೆಯಲು, ಕಸ ಎತ್ತಲು, ರಾತ್ರಿ ಕಾಯಲು ಇಲಾಖೆಗಳಲ್ಲಿ ಆಳಿಲ್ಲ. ಅಮೆರಿಕದಲ್ಲಿ ಅರಣ್ಯ ಇಲಾಖೆ ತನ್ನ ಅನೇಕ ತಂಗುದಾಣಗಳನ್ನು 1950ರ ಕಾಯ್ದೆಯೊಂದರ ಅಡಿಯಲ್ಲಿ ಖಾಸಗಿಯವರ ಕೈಗೆ ಕೊಟ್ಟು ನಡೆಸುತ್ತದೆ. ನೆಲ, ಕಟ್ಟಡ ಸರ್ಕಾರದ್ದೇ. ಸರ್ಕಾರಕ್ಕೆ ಸಲ್ಲಬೇಕಾದ ಪಾಲನ್ನು ಅದೇ ತಾಣದ ದುರಸ್ತಿಗೆ ಹಾಕಿದರೆ ಅದನ್ನು ವಜಾ ಮಾಡಿಕೊಳ್ಳುತ್ತಾರೆ. ಅಲ್ಲಿ 2004ರ ಇನ್ನೊಂದು ಕಾಯ್ದೆ, ಸೌಲಭ್ಯ ಬಳಸದೆ ಸುಮ್ಮನೆ ನಡೆದುಹೋಗುವವರಿಂದ, ಬರೀ ಗಾಡಿ ನಿಲ್ಲಿಸಿದವರಿಂದ ಇಲಾಖೆ ರೊಕ್ಕ ಕೇಳಬಾರದು ಎನ್ನುತ್ತದೆ. ಆದರೆ ಖಾಸಗಿ ನಿರ್ವಾಹಕರು ಅದನ್ನೇ ಕೇಳತೊಡಗಿದಾಗ ಜನ ಕೋರ್ಟಿಗೆ ಹೋದರು. 2014ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ, ಇಲಾಖೆಗೆ ಹಾಕಿದ ಆ ಕಡಿವಾಣ ನಿರ್ವಾಹಕರು ತಾವಾಗಿ ಎತ್ತುವ ಶುಲ್ಕಕ್ಕೆ ತಾಗುವುದಿಲ್ಲ ಎಂದಿತು.

ಇದು ನಿಮಗೆ ನೇರವಾಗಿ ಸಂಬಂಧಪಟ್ಟ ಮಾತು. ಸರ್ಕಾರ ತಾನು ನಡೆಸುವಾಗ ಪಾಲಿಸುವ ಮರ್ಯಾದೆ ಗುತ್ತಿಗೆದಾರನಿಗೆ ತಾನಾಗಿ ಬರುವುದಿಲ್ಲ. ಕುರಿದಾರಿ, ಜಾತ್ರೆ, ಕೆರೆ ನೀರು ಇವು ಒಪ್ಪಂದದ ಹಾಳೆಯಲ್ಲಿ ಅಕ್ಷರವಾಗಿ ಕೂತಿರಬೇಕು. "ಸ್ಥಳೀಯರಿಗೆ ತೊಂದರೆ ಆಗದಂತೆ" ಎಂಬ ಸಾಲಿನಿಂದ ಏನೂ ಹುಟ್ಟುವುದಿಲ್ಲ, ಏಕೆಂದರೆ ತೊಂದರೆ ಆಯಿತೋ ಇಲ್ಲವೋ ಎಂದು ತೀರ್ಮಾನಿಸುವವನು ಗೇಟಿನ ಕೀಲಿ ಇಟ್ಟುಕೊಂಡವನೇ ಆಗಿರುತ್ತಾನೆ.

ನಿಮ್ಮ ಮುಂದಿರುವ ದಾರಿಗಳು

ಮೊದಲು ಮಾಹಿತಿ ಹಕ್ಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನ ಕುಟುಂಬದವರು ದಾಖಲೆ ಲಗತ್ತಿಸಿದರೆ ಶುಲ್ಕವಿಲ್ಲ. ಹಾಗಾಗಿ ನಾಲ್ಕು ಪ್ರತ್ಯೇಕ ಅರ್ಜಿ ಹಾಕಿ: ತಹಶೀಲ್ದಾರ್ ಕಚೇರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಕೊಪ್ಪಳದ ಅರಣ್ಯ ವಿಭಾಗಕ್ಕೆ, ಹಂಪಿ ಪ್ರಾಧಿಕಾರಕ್ಕೆ. "ಯಾಕೆ ಕೊಟ್ಟಿರಿ" ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಿಲ್ಲ ಎಂದು ತಳ್ಳಿಹಾಕುತ್ತಾರೆ. "ಸರ್ವೆ ನಂಬರ್ ಇಂತಿಷ್ಟರಲ್ಲಿ ಪ್ರವೇಶ ಶುಲ್ಕ ವಸೂಲಿಗೆ, ಬೇಲಿ ಹಾಕಲು, ಲೀಸಿಗೆ ನೀಡಿದ ಆದೇಶದ ಪ್ರತಿ" ಎಂದು ಕೇಳಿ. 30 ದಿನದಲ್ಲಿ "ಅಂಥ ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹ ಬಂದರೆ ಅದೇ ನಿಮ್ಮ ಕೈಗೆ ಸಿಕ್ಕ ಒಳ್ಳೆಯ ಕಾಗದ.

ಆ ಉತ್ತರಕ್ಕೆ ಕಾಯದೆ ತಹಶೀಲ್ದಾರರಿಗೆ ಎರಡು ಅರ್ಜಿ ಕೊಡಿ. ಒಂದು ಬಂಡಿದಾರಿ ತೆರವಿಗೆ, ನಕಾಶೆ, ಟಿಪ್ಪಣಿ, ಪಹಣಿ ಲಗತ್ತಿಸಿ, ಕಲಂ 166 ಹೆಸರಿಸಿ. ಇನ್ನೊಂದು ಗೋಮಾಳದ ಬೇಲಿಗೆ, ಭೂಕಂದಾಯ ಕಾಯ್ದೆಯ ಕಲಂ 94 ಮತ್ತು 104ರ ಅಡಿಯಲ್ಲಿ. ಜೊತೆಗೆ ಹದ್ದುಬಸ್ತು ಅಳತೆಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಕೇಳಿ. ಸರ್ವೆಯರ್ ಬಂದ ದಿನ ಊರ ಹಿರಿಯರು, ಅಕ್ಕಪಕ್ಕದ ಹೊಲದವರು ಇರಲೇಬೇಕು. ಪಂಚನಾಮೆಯಲ್ಲಿ ಗೇಟಿನ ಅಗಲ, ಬೇಲಿಯ ಉದ್ದ, ಕಲ್ಲುಕಂಬಗಳ ಎಣಿಕೆ ದಾಖಲಾಗದೆ ಸಹಿ ಹಾಕಬೇಡಿ. "ಸ್ಥಳ ಪರಿಶೀಲಿಸಲಾಯಿತು" ಎಂದಷ್ಟೇ ಬರೆದ ಪಂಚನಾಮೆ ಮುಂದೆ ಯಾವ ಮೇಲ್ಮನವಿಯಲ್ಲೂ ನಿಲ್ಲದು. ಇದು ತೀರಾ ಸಾಮಾನ್ಯವಾಗಿ ಆಗುವ ಎಡವಟ್ಟು.

ನಕಾಶೆಯಲ್ಲಿ ದಾರಿಯೇ ಇಲ್ಲ ಎಂದಾದರೆ ಕೆಲಸ ಕಷ್ಟವಾಗುತ್ತದೆ, ಆದರೆ ಮುಗಿಯುವುದಿಲ್ಲ. ರೂಢಿಯ ದಾರಿಗೆ ಸಿವಿಲ್ ನ್ಯಾಯಾಲಯವಿದೆ. 1882ರ ಈಸ್‌ಮೆಂಟ್ (ಅನ್ಯರ ಜಮೀನಿನ ಮೇಲಿನ ಬಳಕೆ ಹಕ್ಕಿನ) ಕಾಯ್ದೆಯಂತೆ ಖಾಸಗಿ ಜಮೀನಿನ ಮೇಲೆ 20 ವರ್ಷ, ಸರ್ಕಾರಿ ಜಮೀನಿನ ಮೇಲೆ 30 ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿದ್ದನ್ನು ರುಜುವಾತು ಮಾಡಬೇಕು. ಅಡ್ಡಿ ಗೊತ್ತಾಗಿಯೂ ಒಂದು ವರ್ಷ ಸುಮ್ಮನಿದ್ದರೆ ಒಪ್ಪಿಕೊಂಡಂತೆ ಆಗುತ್ತದೆ. ಜಾತ್ರೆಯ ಹಳೆಯ ಕರಪತ್ರ, ಪೊಲೀಸ್ ಬಂದೋಬಸ್ತಿನ ಪತ್ರ, ಕುರಿ ಲಸಿಕೆಯ ಪಟ್ಟಿ ಎಲ್ಲ ಇಲ್ಲಿ ಸಾಕ್ಷಿ. ಸರ್ಕಾರವನ್ನೂ ಪ್ರತಿವಾದಿ ಮಾಡುವುದಾದರೆ ಎರಡು ತಿಂಗಳ ನೋಟಿಸ್ ಕೊಡಬೇಕು, ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆಯಬೇಕು. ಇಷ್ಟೆಲ್ಲ ಮಾಡಿದರೂ ವರ್ಷಗಳು ಹಿಡಿಯುತ್ತವೆ, ವಕೀಲರ ಖರ್ಚು ಊರಿನ ಮೇಲೆ ಬೀಳುತ್ತದೆ. ಇದು ಕೊನೆಯ ಆಯ್ಕೆಯಾಗಿರಲಿ.

ಭೂಕಬಳಿಕೆ ನಿಷೇಧ ಕಾಯ್ದೆ 2011ರ ಅಡಿಯಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಹೋಗಿ ಎಂದು ಯಾರಾದರೂ ಹುರಿದುಂಬಿಸಬಹುದು. ಅವರ ಬಳಿ ನಿಜಕ್ಕೂ ಲೀಸಿನ ಆದೇಶವಿದ್ದರೆ ಆ ದೂರು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ. ಮಾಹಿತಿ ಹಕ್ಕಿನ ಉತ್ತರ ಕೈಗೆ ಬರುವ ತನಕ ಆ ಕಡೆ ಹೋಗಬೇಡಿ. ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಗೋಮಾಳದ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ಬೇಲಿ ಕೀಳುವ ಹುಡುಗರಿಗೆ ಹೇಳಿ: ಕಿತ್ತ ರಾತ್ರಿಯಿಂದ ಕಥೆ ತಿರುಗಿಬೀಳುತ್ತದೆ. ಇವತ್ತು ಪ್ರಶ್ನೆ ದಾರಿ ಯಾರದು ಎಂಬುದು. ನಾಳೆ ಅದು ಆಸ್ತಿ ಹಾಳು ಮಾಡಿದವರು ಯಾರು ಎಂಬುದಾಗುತ್ತದೆ. ಪ್ರಕರಣ ಬೀಳುವುದು ಇಪ್ಪತ್ತರ ಹರೆಯದವರ ಮೇಲೆ, ಅವರ ನೌಕರಿಯ ಅರ್ಜಿ, ಪಾಸ್‌ಪೋರ್ಟು ಎಲ್ಲಕ್ಕೂ ಅದು ಅಡ್ಡ ಬರುತ್ತದೆ.

ಒಪ್ಪಂದಕ್ಕೆ ಕೂತರೆ

ಅರ್ಜಿ ಬಿದ್ದ ಮೇಲೆ ನಿರ್ವಾಹಕರೇ ಮಾತಿಗೆ ಬರುವುದುಂಟು. ಬಂದರೆ ಕೂರಿ. ಆದರೆ ತಹಶೀಲ್ದಾರರ ಸಮ್ಮುಖದಲ್ಲಿ ಕೂರಿ, ಲಿಖಿತವಾಗಿರಲಿ. ಬಂಡಿದಾರಿ ಪೂರ್ತಿ ಅಗಲದಲ್ಲಿ ಹಗಲು ರಾತ್ರಿ ತೆರೆದಿರಬೇಕು, ಗೇಟು ಬೇಕಿದ್ದರೆ ತಮ್ಮ ಪಟ್ಟಾ ಜಮೀನಿನ ಒಳಗೆ ಹಾಕಿಕೊಳ್ಳಲಿ. "ನಿಮಗೊಂದು ಕೀಲಿ ಕೊಡುತ್ತೇವೆ" ಎಂದರೆ ಒಪ್ಪಬೇಡಿ. ಕೀಲಿ ಇಸಿದುಕೊಂಡರೆ ಬೀಗ ಹಾಕುವ ಹಕ್ಕನ್ನು ನೀವೇ ಮಾನ್ಯ ಮಾಡಿದಂತೆ. ಊರವರಿಗೆ ಉಚಿತ ಎಂಬ ಮಾತಿಗೂ ಇದೇ ತಕರಾರು: ಇವತ್ತು ದಾಕ್ಷಿಣ್ಯದಿಂದ ಬಿಟ್ಟದ್ದನ್ನು ನಾಳೆ ಆಧಾರ್ ತೋರಿಸಿ ಎನ್ನಬಹುದು, ಬೀಗರು ಬಂದರೆ ಟಿಕೆಟ್ ಎನ್ನಬಹುದು. ಶುಲ್ಕ ತೆಗೆದುಕೊಳ್ಳುವುದಿದ್ದರೆ ತಾವು ಕೊಡುವ ಟೆಂಟು, ಊಟ, ಶೌಚಾಲಯ, ತಮ್ಮ ಜಮೀನಿನ ಪಾರ್ಕಿಂಗಿಗೆ ತೆಗೆದುಕೊಳ್ಳಲಿ. ಗುಡ್ಡ ಹತ್ತುವುದಕ್ಕೆ ಬೇಡ.

ನೀರಿನ ಲೆಕ್ಕವನ್ನೂ ಎತ್ತಿ. 25 ಟೆಂಟಿಗೆ ಇಬ್ಬರಂತೆ 50 ಜನ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸಾಮಾನ್ಯ ಮಾನದಂಡ ಹಿಡಿದರೆ 6,750 ಲೀಟರ್. ಅದರಲ್ಲಿ ಸುಮಾರು ಐದನೇ ನಾಲ್ಕು ಭಾಗ, 5,400 ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ಬಂಡೆಗಳ ನಡುವಿನ ಗರಸು ಮಣ್ಣಿನಲ್ಲಿ ಅದು ಬೇಗ ಇಂಗಿ, ಇಳಿಜಾರಿನಲ್ಲಿರುವ ಬಾವಿ, ಕೆರೆಯ ಕಡೆ ಹೋಗುತ್ತದೆ. ಶೌಚಗುಂಡಿ ಎಲ್ಲಿದೆ, ಎಷ್ಟು ದೊಡ್ಡದು, ಕೆರೆಗಿಂತ ಮೇಲೋ ಕೆಳಗೋ ಎಂದು ನೋಡದೆ ಒಪ್ಪಂದ ಬೇಡ. ಬೇಸಿಗೆಯಲ್ಲಿ ಒಣಹುಲ್ಲಿನ ನಡುವೆ ಬೆಂಕಿ ಹಾಕಬಾರದು. ತಾಣ ಹೊಳೆದಂಡೆಗೆ ಚಾಚಿಕೊಂಡಿದ್ದರೆ ಇನ್ನೂ ಎಚ್ಚರ. ತುಂಗಭದ್ರಾ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು, ಅಲ್ಲಿ ಅರಣ್ಯ ಇಲಾಖೆಯ ಮಾತು ನಡೆಯಬೇಕು. ಅಡುಗೆಮನೆಯ ಉಳಿದ ಅನ್ನ, ಹಣ್ಣಿನ ಸಿಪ್ಪೆ ರಾತ್ರಿ ಮುಚ್ಚಿದ ಡಬ್ಬಿಯಲ್ಲೇ ಇರಬೇಕು. ಈ ಬಂಡೆಗುಡ್ಡಗಳು ಕರಡಿಯ ಮನೆ. ಕಸದ ರುಚಿ ಹತ್ತಿದ ಕರಡಿ ಟೆಂಟಿಗಷ್ಟೇ ಬಂದು ಹೋಗುವುದಿಲ್ಲ, ನಸುಕಿನಲ್ಲಿ ಹೊಲಕ್ಕೆ ಹೋಗುವವರಿಗೂ ಎದುರಾಗುತ್ತದೆ.

ನಿಮ್ಮ ಅಳಿಯ ಮತ್ತು ಉಳಿದ ಎಂಟು ಹುಡುಗರನ್ನು ಈ ಅರ್ಜಿಗಳಿಗೆ ಸಹಿ ಹಾಕಿಸಬೇಡಿ, ಸಾಕ್ಷಿಗೂ ಎಳೆಯಬೇಡಿ. ಕುರಿಗಾರರು, ಗುಡಿಯ ಪೂಜಾರಿ, ದಾರಿಗೆ ತಾಗಿದ ಹೊಲದವರು, ಇವರ ಸಹಿ ಸಾಕು. ಹತ್ತು ಹನ್ನೆರಡು ಜನರಾದರೂ ಪರವಾಗಿಲ್ಲ, ಪ್ರತಿಯೊಬ್ಬರ ಹೆಸರಿನ ಮುಂದೆ ಎಷ್ಟು ಕುರಿ, ಯಾವ ಹೊಲ, ಎಷ್ಟು ವರ್ಷದಿಂದ ಆ ದಾರಿ ಎಂದು ಬರೆಸಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ. ಮೂರು ತಿಂಗಳ ಲೆಕ್ಕದಲ್ಲಿ ನಾಳೆ ತಕರಾರು ಬಂದರೆ ಆ ಸೀಲಿನ ತಾರೀಖೇ ಉತ್ತರ.